ಕರಿ ತಂತಿ

ಅತ್ಬರಾದಲ್ಲಿ ಕರಿ ತಂತಿ ತಟಸ್ಥ.
ಕೆಂಪು, ಹಳದಿ, ನೀಲಿ ಮೂರೂ ಸೇರಿ
ಒಂದರ ಮೇಲೊಂದು ಹರಿಹಾಯುವಾಗ
ನೈಲಿನ ದಡದಲ್ಲಿ ಕೂತು ನೋಡುವ ಮುದುಕನ ಹಾಗೆ
ಯಾರಿಗೂ ಕೇಡು ಬಗೆಯದ ಕರಿ.
ಹತ್ತೊಂಬತ್ತು ವರ್ಷ
ನನ್ನ ಬೆರಳು ಅದನ್ನು ನಂಬಿತ್ತು.

ವಿನಿಪೆಗ್ಗಿನಲ್ಲಿ ಕರಿ ತಂತಿಗೆ ಜೀವ.
ತಟಸ್ಥವಾದದ್ದು ಬಿಳಿ.
ಇದನ್ನು ಓದಿದ ದಿನ ನಾನು
ಬಸ್ಸಿನಲ್ಲಿ ಒಬ್ಬನೇ ನಕ್ಕೆ.
ಪಕ್ಕದ ಹೆಂಗಸು ಚೀಲ ಎತ್ತಿ ಮಡಿಲಲ್ಲಿಟ್ಟುಕೊಂಡಳು.

ಚಿಕ್ಕಂದಿನಲ್ಲಿ ಖಲ್ವಾದ ಶೇಖರು
ಮರದ ಹಲಗೆಯ ಮೇಲೆ ಮಸಿಯಲ್ಲಿ ಬರೆಸುತ್ತಿದ್ದರು.
ಬಾಯಿಪಾಠವಾದರೆ ಹಲಗೆ ತೊಳೆಯಬೇಕು,
ಹೊಸ ಪಾಠಕ್ಕೆ ಜಾಗವಾಗಬೇಕು.
ಹಲಗೆ ತೊಳೆಯಬಹುದು.
ಬೆರಳನ್ನು ಯಾವ ನೀರಿನಲ್ಲಿ ತೊಳೆಯಲಿ?

ಕಚೇರಿಯ ಹುಡುಗಿ ಒಳ್ಳೆಯವಳು.
ನನ್ನ ಹೆಸರನ್ನು ಮೂರು ಸಲ ಹೇಳಿ ಕಲಿತಳು,
ಅಬ್ದುಲ್‌ಬಾಗಿ, ಅಬ್ದುಲ್‌ಬಾಗಿ.
ಆಮೇಲೆ ಹೇಳಿದಳು:
ಅಂಕಪಟ್ಟಿ ನಿಮ್ಮ ಕೈಯಿಂದ ನಾವು ಪಡೆಯುವಂತಿಲ್ಲ,
ವಿಶ್ವವಿದ್ಯಾಲಯವೇ ಕಳಿಸಬೇಕು,
ಲಕೋಟೆ ಮುಚ್ಚಿರಬೇಕು, ಮೇಲೆ ಮುದ್ರೆ ಬೇಕು.
ಮುದ್ರೆಯಿದ್ದ ಕೋಣೆಗೆ ಈಗ ಗೋಡೆಯಿಲ್ಲ, ಎಂದೆ.
ಅವಳು ಬೆರಳಚ್ಚಿಸುವುದನ್ನು ನಿಲ್ಲಿಸಿದಳು.
ಆ ಉತ್ತರಕ್ಕೆ ಅರ್ಜಿಯಲ್ಲಿ ಚೌಕವಿರಲಿಲ್ಲ.

ಇನ್ನೊಂದು ಮಾತು, ಸಣ್ಣ ದನಿಯಲ್ಲಿ:
ಇಲ್ಲಿ ನೀವು ಎಂಜಿನಿಯರ್ ಅಂತ
ಹೇಳಿಕೊಳ್ಳುವ ಹಾಗಿಲ್ಲ. ಆ ಪದಕ್ಕೆ ಕಾನೂನಿದೆ.
ಎಲೆಕ್ಟ್ರಿಷಿಯನ್? ಅದಕ್ಕೂ ಇದೆ.
ದುಡಿದ ಗಂಟೆಗಳಿಗೆ ಹಳೆಯ ಮೇಲಧಿಕಾರಿ
ಸಹಿ ಹಾಕಿ ಕೊಟ್ಟರೆ ನೋಡೋಣ.

ಉಸ್ತಾದ್ ಮಹ್‌ಜೂಬ್ ಕಸ್ಸಲಾದ ಒಂದು ಶಾಲೆಯಲ್ಲಿದ್ದಾರೆ,
ಐದನೇ ತರಗತಿ, ಹನ್ನೊಂದು ಸಂಸಾರ.
ಯಾವುದೋ ಮಗುವಿನ ಗೆರೆಪುಸ್ತಕದ ಹಾಳೆ ಕಿತ್ತು
ನನ್ನ ಗಂಟೆಗಳನ್ನೆಲ್ಲ ಬರೆದರು.
ಇನ್ನೂರ ಇಪ್ಪತ್ತು ಕಿಲೋವೋಲ್ಟಿನ ಯಾರ್ಡಿನಲ್ಲಿ
ಮರಳುಗಾಳಿಯ ರಾತ್ರಿಗಳನ್ನು ಬೇರೆಯಾಗಿ ಕೂಡಿಸಿ,
ಕೆಳಗೆ ಸಹಿ ಹಾಕಿ, ಫೋಟೋ ತೆಗೆದು ಕಳಿಸಿದರು.
ಹಾಳೆಯ ಮೂಲೆಯಲ್ಲಿ ಯಾರೋ ಗೀಚಿದ ಬೆಕ್ಕು.
ಜೊತೆಗೊಂದು ಧ್ವನಿ ಸಂದೇಶ:
ಅಲ್ಲೂ ಕರೆಂಟು ಹೋಗುತ್ತದೇನಯ್ಯಾ?

ಲೆಟರ್‌ಹೆಡ್ ಇಲ್ಲವೆಂದು ಅರ್ಜಿ ವಾಪಸಾಯಿತು.

ಈಗ ನಾನು ಮೊದಲನೇ ವರ್ಷದ ಅಪ್ರೆಂಟಿಸ್, ವಯಸ್ಸು ನಲವತ್ತೇಳು.
ನನ್ನ ಮೇಲಿನವನು ಫ್ರೀಸೆನ್,
ಮೀಸೆ ಬರಲೋ ಬೇಡವೋ ಎನ್ನುತ್ತಿರುವ ಹುಡುಗ.
ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ,
ನೆಲಮಾಳಿಗೆಯಲ್ಲಿ ನಾವಿಬ್ಬರು, ಒಂದು ತೆರೆದ ಪ್ಯಾನೆಲ್.
ಮಾತಾಡುತ್ತ ಮಾತಾಡುತ್ತ ನನ್ನ ಕೈ
ಊರಿಗೆ ಹೋಯಿತು.
ಕರಿಯ ಕಡೆ ಚಾಚಿತು.

ಫ್ರೀಸೆನ್ ಮಣಿಕಟ್ಟು ಹಿಡಿದ.
ಬೈಯಲಿಲ್ಲ. ಟೆಸ್ಟರ್ ಕೈಗಿಟ್ಟ.
ಅದರ ಕೆಂಪು ದೀಪ ನನ್ನನ್ನು ನೋಡಿತು.
ಮುಟ್ಟುವ ಮುಂಚೆ ಪರೀಕ್ಷಿಸು:
ಇದನ್ನು ನಾನೇ ಅರೇಬಿಕ್ಕಿನಲ್ಲಿ
ನೂರಾರು ಹುಡುಗರಿಗೆ ಗದರಿಸಿ ಹೇಳಿದ್ದೆ.

ಊಟದ ಹೊತ್ತಿನಲ್ಲಿ ಅವನು ಪುಸ್ತಕ ತೆಗೆದ,
ಯಾವುದೋ ಮೇಲಿನ ಪರೀಕ್ಷೆಗೆ ಕಟ್ಟಿದ್ದಾನಂತೆ.
ಈ ಪವರ್ ಫ್ಯಾಕ್ಟರ್ ತಲೆಗೆ ಹತ್ತುತ್ತಿಲ್ಲ, ಎಂದ.
ಬಣ್ಣ ಕಾಣದ ಗೋಡೆಯ ಮೇಲೆ ಪೆನ್ಸಿಲಿನಲ್ಲಿ
ತ್ರಿಕೋನ ಬರೆದೆ, ಕೋನ ತೋರಿಸಿದೆ,
ದುಡಿಯುವ ಶಕ್ತಿ ಇದು,
ಸುಮ್ಮನೆ ಹೋಗಿ ಬರುವ ಶಕ್ತಿ ಇದು,
ಬಿಲ್ಲು ಮಾತ್ರ ಎರಡಕ್ಕೂ.
ಓಹ್, ಎಂದ. ಮತ್ತೆ, ಓಹ್.
ಮರುದಿನ ಪೇಂಟರುಗಳು ಬಂದು
ಗೋಡೆಗೆ ಎರಡು ಕೋಟು ಬಿಳಿ ಬಳಿದರು.

ಮನೆಯಲ್ಲಿ ಇಹ್ಸಾನ್ ಊರಿಂದ ತಂದ ಕೆಟಲಿದೆ,
ಬಿಸಾಡಲು ಒಪ್ಪುವುದಿಲ್ಲ.
ಅದರ ಪಿನ್ನಿಗೆ ಅಡಾಪ್ಟರ್ ಸಿಕ್ಕಿತು,
ಈ ಗೋಡೆಯಲ್ಲಿ ವೋಲ್ಟೇಜು ಅರ್ಧ.
ಅರ್ಧ ವೋಲ್ಟೇಜಿಗೆ ಕಾಲುಭಾಗ ಶಕ್ತಿ,
ಲೆಕ್ಕ ಅಷ್ಟೇ.
ಸುರುಳಿಯಲ್ಲಿ ದೋಷವಿಲ್ಲ, ಎನ್ನುತ್ತೇನೆ,
ಗೊತ್ತು, ಎನ್ನುತ್ತಾಳೆ,
ಎರಡು ಲೋಟ ಎದುರಿಗಿಡುತ್ತಾಳೆ.

ಕಿಟಕಿಯಾಚೆ ಹಿಮ.
ನೀರು ಕಾಯುತ್ತಿದೆ.
ನಾವೂ.